ಮಾಂಟೆರೆಯ ಕೆಂಪು ವೈನು, ನನ್ನ ಮರ್ಯಾದೆ

ವೈನ್ ಕುಡಿದ ಮೇಲೆ ಮರ್ಯಾದೆ ಕಳೆದುಕೊಳ್ಳುವವರನ್ನು ನೋಡಿದ್ದೇನೆ. ನನ್ನದು ಕುಡಿಯುವ ಮೊದಲೇ ಹೋಗುತ್ತದೆ. ಅದೂ ದುಬಾರಿ ವೈನಿನಿಂದಲ್ಲ. ಗ್ರೋಸರಿ ಅಂಗಡಿಯ ಕೆಳಗಿನ ಶೆಲ್ಫಿನಲ್ಲಿ ಸಿಗುವ, ಮಾಂಟೆರೆ ಕರಾವಳಿಯ ಅಗ್ಗದ ಕೆಂಪು ವೈನಿನಿಂದ. ಫಾಸ್ಟರ್ ಸಿಟಿಯ ನಮ್ಮ ಅಪಾರ್ಟ್‌ಮೆಂಟಿನಿಂದ ಆ ಕರಾವಳಿಗೆ ಎರಡು ಗಂಟೆ ದಾರಿ. ಹಾಗಾಗಿ ಅವಕಾಶಗಳಿಗೆ ಕೊರತೆಯಿಲ್ಲ.

ಊಟಕ್ಕೆ ಅತಿಥಿ

ಆ ವೈನಿನ ಹೆಸರು ಪಿನೋ ನ್ವಾರ್ ಎಂದು ಈಗ ಗೊತ್ತು. ಆಫೀಸಿನ ಗೆಳೆಯನೊಬ್ಬ ಅದನ್ನು ಹೊಗಳಿ ಮೆಸೇಜು ಕಳಿಸಿದಾಗ, ಇಂಗ್ಲಿಷ್ ಅಕ್ಷರ ಕೂಡಿಸಿ "ಪಿನೋಟ್ ನಾಯರ್" ಎಂದು ಓದಿಕೊಂಡಿದ್ದೆ. ಸಂಜೆ ಅಂಗಡಿಯಿಂದ ಹೆಂಡತಿಗೆ ಫೋನ್ ಮಾಡಿ, ಇವತ್ತು ಊಟಕ್ಕೆ ನಾಯರ್ ಇರುತ್ತೆ ಎಂದೆ. ಅಂಗಡಿಯ ಗದ್ದಲದಲ್ಲಿ ಅವಳಿಗೆ ಎಷ್ಟು ಕೇಳಿಸಿತೋ ಗೊತ್ತಿಲ್ಲ.

ಮನೆಗೆ ಬಂದರೆ ಸೋಫಾ ಮೇಲಿನ ಬಟ್ಟೆರಾಶಿ ಮಾಯವಾಗಿತ್ತು. ಟೇಬಲ್ಲಿನ ಮೇಲೆ ಮೂರು ತಟ್ಟೆ, ಬಿಸಿ ಬಿಸಿ ರೊಟ್ಟಿ, ಎಣ್ಣೆಗಾಯಿ. ಹೆಂಡತಿ ವಿಜಯಪುರದವಳು; ಅತಿಥಿ ಎಂದರೆ ಅರ್ಧಮರ್ಧ ಮಾಡುವವಳಲ್ಲ. ನನ್ನ ಬೆನ್ನ ಹಿಂದೆ ಇಣುಕಿ ನೋಡಿ ಕೇಳಿದಳು: "ಎಲ್ಲಿ ನಾಯರ್ ಅವ್ರು? ಕಾರಿನ್ಯಾಗ ಕುಂತಾರೇನು?"

ನಾನು ಮೆಲ್ಲಗೆ ಕೈಚೀಲ ಎತ್ತಿ ತೋರಿಸಿದೆ.

ಮೂಗಿನ ಪರೀಕ್ಷೆ

ಆಮೇಲೊಂದು ಶನಿವಾರ ಆ ವೈನ್ ಹುಟ್ಟುವ ಜಾಗವನ್ನೇ ನೋಡೋಣವೆಂದು ಹೊರಟೆವು. ಹೆಂಡತಿ ಕುಡಿಯುವುದಿಲ್ಲ, ಆದ್ದರಿಂದ ಡ್ರೈವಿಂಗ್ ಅವಳದು. ದಾರಿಯಲ್ಲಿ ಗಿಲ್‌ರಾಯ್, ಆ ಊರು ಬೆಳ್ಳುಳ್ಳಿಗೆ ಹೆಸರುವಾಸಿ. ಅಲ್ಲಿ ನಾನು ಒಂದು ದೊಡ್ಡ ಪೊಟ್ಟಣ ಬೆಳ್ಳುಳ್ಳಿ ಫ್ರೈಸ್ ತಿಂದೆ.

ವೈನರಿಯಲ್ಲಿ ವೈನ್ ಸುರಿದುಕೊಡುವಾತ, ಮೊದಲು ಮೂಸಿ ನೋಡಿ, ಏನು ಪರಿಮಳ ಬರುತ್ತೆ ಹೇಳಿ ಎಂದ. ಪಕ್ಕದವರು ಚೆರ್ರಿ ಎಂದರು, ಗುಲಾಬಿ ಎಂದರು. ನಾನು ಲೋಟಕ್ಕೆ ಮೂಗಿಟ್ಟು, ಸುಳ್ಳು ಯಾಕೆ ಹೇಳಬೇಕೆಂದು, ಬೆಳ್ಳುಳ್ಳಿ ಎಂದೆ. ಪಾಪ, ಅವನು ಗಾಬರಿಯಾಗಿ ಹೊಸ ಬಾಟಲಿ ತೆಗೆದ. ಅದರಲ್ಲೂ ಬೆಳ್ಳುಳ್ಳಿ. ಮೂರನೆಯದಕ್ಕೆ ಕೈ ಹಾಕಿದವನು ನನ್ನ ಹತ್ತಿರ ಬಗ್ಗಿ, ಮೂಗರಳಿಸಿ, ಬಹಳ ವಿನಯದಿಂದ ಹೇಳಿದ: "ಸರ್, ವೈನ್ ಸರಿಯಾಗಿದೆ. ನೀವೊಮ್ಮೆ ಮೀಸೆ ತೊಳೆದು ಬನ್ನಿ."

ಮಾವನವರ ಪ್ರಶ್ನೆಗಳು

ಹೋದ ವರ್ಷ ಊರಿನಿಂದ ಮಾವನವರು ಬಂದಿದ್ದರು. ತೋಟಗಾರಿಕೆ ಇಲಾಖೆಯಲ್ಲಿ ಮೂವತ್ತು ವರ್ಷ ದ್ರಾಕ್ಷಿ ತೋಟ ಸುತ್ತಿದವರು. ಅಳಿಯ ಕುಡಿಯುತ್ತಾನೆಯೇ ಎಂದು ಮದುವೆಗೆ ಮುಂಚೆ ಅವರು ಕೇಳಿದಾಗ, ಮುಟ್ಟುವುದೂ ಇಲ್ಲ ಎಂದಿದ್ದೆ. ಆ ಮಾತು ಇನ್ನೂ ಚಾಲ್ತಿಯಲ್ಲಿತ್ತು.

ಸಮುದ್ರ ತೋರಿಸಲು ಮಾಂಟೆರೆ ಕಡೆ ಹೊರಟರೆ, ದ್ರಾಕ್ಷಿ ಸಾಲು ಕಂಡದ್ದೇ ತಡ, ಕಾರು ನಿಲ್ಲಿಸಲು ಹೇಳಿದರು. ತೋಟ ನೋಡಿಕೊಂಡು ಸೀದಾ ವೈನರಿಯ ಒಳಗೇ ನಡೆದರು. ಕೌಂಟರಿನಲ್ಲಿದ್ದ ಹೆಂಗಸು ಅವರ ಮುಂದೆ ಒಂದು ಗುಟುಕು ಸುರಿದಿಟ್ಟಳು. ಮಾವನವರಿಗೆ ಇಂಗ್ಲಿಷಿನಲ್ಲಿ ಮಾತಾಡಲು ಸಂಕೋಚ. ನನ್ನ ಕಡೆ ತಿರುಗಿ, ಇಷ್ಟು ತಂಪಿನಾಗ ಹಣ್ಣು ಹೆಂಗ ಮಾಗ್ತಾವು, ಆಕಿಗೆ ಕೇಳ್ರಿ ಎಂದರು.

ಬೆಳಿಗ್ಗೆ ಸಮುದ್ರದ ಮಂಜು, ಮಧ್ಯಾಹ್ನ ತಣ್ಣನೆ ಗಾಳಿ, ಅದಕ್ಕೇ ನಿಧಾನವಾಗಿ ಮಾಗಿ ಹುಳಿ ಉಳಿಸಿಕೊಳ್ಳುತ್ತೆ ಎಂದೆ. ಬಣ್ಣ ಯಾಕೆ ಇಷ್ಟು ತೆಳು? ಸಿಪ್ಪೆಯೇ ತೆಳು, ಅದು ತಳಿಯ ಗುಣ ಎಂದೆ. ಪೀಪಾಯಿಯಲ್ಲಿ ಎಷ್ಟು ದಿನ? ಅಗ್ಗದ್ದಾದರೆ ಕೆಲವೇ ತಿಂಗಳು ಎಂದು ಹೇಳಿ, ಊಟಕ್ಕೆ ಯಾವುದು ಹೊಂದುತ್ತೆ ಎನ್ನುವುದನ್ನೂ ಸೇರಿಸಿದೆ. ಹುರುಪಿನಲ್ಲಿ ಹೇಳುತ್ತಲೇ ಹೋದೆ. ಹೆಂಡತಿ ಕಾಲು ತುಳಿದಾಗಲೇ ಗೊತ್ತಾಗಿದ್ದು: ಕೌಂಟರಿನ ಹೆಂಗಸನ್ನು ನಾನು ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ.

ಮಾವನವರು ಕನ್ನಡಕ ಸರಿಮಾಡಿಕೊಂಡು ನನ್ನನ್ನೇ ನೋಡಿದರು. ನಾನು ತೊದಲುತ್ತಾ, ಇದೆಲ್ಲ ಇಂಟರ್‌ನೆಟ್ಟಿನಲ್ಲಿ ಓದಿದ್ದು ಎಂದೆ.

ಅವರು ತಮ್ಮ ಲೋಟವನ್ನು ಸಮಾಧಾನವಾಗಿ ನನ್ನ ಕಡೆ ಸರಿಸಿದರು.

"ಹಂಗಾರ ಅಳಿಯಂದ್ರ, ಇದನ್ನೂ ಒಂದೀಟು ಓದಿ, ರುಚಿ ಹೆಂಗೈತಿ ಹೇಳ್ರಿ."