ಎರ್ರೆಪ್ಪನವರ ನಾಲಿಗೆ ಶಾಸ್ತ್ರ

ನಿವೃತ್ತಿಯಾದ ಮೇಲೆ ಮನುಷ್ಯ ಏನಾದರೂ ಓದುತ್ತಿರಬೇಕು ಎಂದು ಎಲ್ಲರೂ ಹೇಳುತ್ತಾರೆ. ಹಗರಿಬೊಮ್ಮನಹಳ್ಳಿಯ ಎರ್ರೆಪ್ಪನವರು ನಾಲಿಗೆ ಓದಲು ಕಲಿತರು.

ಕರೆಂಟ್ ಆಫೀಸಿನಲ್ಲಿ ಮೂವತ್ತೊಂದು ವರ್ಷ ಮೀಟರ್ ಓದಿದವರು ಅವರು. ಗೋಡೆಯ ಮೇಲಿನ ಡಬ್ಬಿಯ ಗಾಜು ಒರೆಸಿ ಒಳಗಿನ ಲೆಕ್ಕ ಹೇಳಿದವರಿಗೆ, ಬಾಯಿ ತೆರೆಸಿ ಒಳಗಿನ ಯಕೃತ್ತಿನ ಸ್ಥಿತಿಗತಿ ಹೇಳುವುದು ಯಾವ ಮಹಾ ವಿದ್ಯೆ? ಕೊಟ್ಟೂರಿನಲ್ಲಿ ಎರಡು ದಿನದ ಶಿಬಿರ, ಮೊಬೈಲಿನಲ್ಲಿ ಇನ್ನೂರು ವಿಡಿಯೊ, ಇಷ್ಟೇ ಬಂಡವಾಳ. ನಾಲಿಗೆಯ ಮೇಲೆ ಬಿಳಿ ಲೇಪವಿದ್ದರೆ ಲಿವರ್ ಸೋಮಾರಿ. ಅಂಚಿನಲ್ಲಿ ಹಲ್ಲಿನ ಗುರುತಿದ್ದರೆ ಲಿವರ್‌ಗೆ ಬಾವು. ತುದಿ ಕೆಂಪಗಿದ್ದರೆ ಲಿವರ್‌ಗೆ ಸಿಟ್ಟು. (ಯಾರ ಮೇಲೆ ಸಿಟ್ಟು ಎಂಬುದನ್ನು ಶಿಬಿರದಲ್ಲಿ ಹೇಳಿಕೊಟ್ಟಿರಲಿಲ್ಲ.)

ಹಾಲು ಹಾಕಲು ಬಂದ ಕೆಂಚಕ್ಕ ನಾಲಿಗೆ ಚಾಚದೆ ಚೆಂಬು ವಾಪಸು ಒಯ್ಯುವಂತಿರಲಿಲ್ಲ. ಎದುರಿನ ಗ್ಯಾರೇಜಿನ ದಾವಲ್ ಸಾಬರ ನಾಲಿಗೆ ನೋಡಿದ ದಿನವಂತೂ ಎರ್ರೆಪ್ಪನವರು ಎದೆ ಹಿಡಿದುಕೊಂಡರು.

"ಸಾಹೇಬ್ರ, ನಿಮ್ಮ ಲಿವರ್‌ಗೆ ಬೆಂಕಿ ಬಿದ್ದೈತ್ರಿ! ಪೂರಾ ಕೆಂಪು!"

"ಅದು ಎಲಿ ಅಡಿಕಿರಿ, ಅಣ್ಣಾರ," ಎಂದು ದಾವಲ್ ಸಾಬರು ಪಕ್ಕಕ್ಕೆ ಉಗುಳಿ ಪುರಾವೆ ಒದಗಿಸಿದರು.

ಹೆಂಡತಿ ಲಕ್ಷ್ಮಿದೇವಿ ಮಾತ್ರ ಈ ಶಾಸ್ತ್ರಕ್ಕೆ ಒಗ್ಗಲಿಲ್ಲ. "ನಾಲಿಗಿ ತೆಗಿ ನೋಡೋಣ" ಎಂದರೆ, "ಮದಿವ್ಯಾದಾಗಿಂದ ನೋಡ್ಕಂತನ ಬಂದೀರಲ್ಲ, ಈಗೇನು ಹೊಸದು ಐತಿ?" ಎಂದು ಅದೇ ನಾಲಿಗೆಯನ್ನು ಬೇರೆ ಕೆಲಸಕ್ಕೆ ಬಳಸುತ್ತಿದ್ದಳು.

ಸಿಕ್ಕವರಿಗೆಲ್ಲ ಕಷಾಯ ಹಂಚಿದರೂ ಯಾರೂ ಎರಡನೆಯ ಸಲ ಕುಡಿಯಲು ಬರುತ್ತಿರಲಿಲ್ಲ. ಹೀಗಾಗಿ ತಯಾರಾದ ಸರಕನ್ನೆಲ್ಲ ಎರ್ರೆಪ್ಪನವರೇ ಸೇವಿಸಬೇಕಾಯಿತು. ಬೆಳಿಗ್ಗೆ ನೆಲನೆಲ್ಲಿ ರಸ, ಮಧ್ಯಾಹ್ನ ಗರಗದ ಸೊಪ್ಪು, ಸಂಜೆ ಅಮೃತಬಳ್ಳಿಯ ಕಷಾಯ. ಇವುಗಳ ಮೇಲೆ ಮೊಬೈಲಿನಲ್ಲೇ ತರಿಸಿದ, 'ನೂರೆಂಟು ಬೇರುಗಳ' ಚೂರ್ಣ ಒಂದೊಂದು ಚಮಚ. ಎರಡು ತಿಂಗಳಾಗುವಷ್ಟರಲ್ಲಿ ಹಸಿವು ಓಡಿಹೋಯಿತು, ಮೈ ತುರಿಸತೊಡಗಿತು.

"ಒಳಗಿನ ವಿಷ ಹೊರಗ ಬೀಳಾಕ ಹತ್ತೈತಿ," ಎಂದು ಅವರು ಬೆನ್ನನ್ನು ಬಾಗಿಲ ಚೌಕಟ್ಟಿಗೆ ಉಜ್ಜುತ್ತ ಹೆಮ್ಮೆಪಟ್ಟರು.

ಅಷ್ಟರಲ್ಲಿ ಮಗಳು ನಾಗವೇಣಿಗೆ ಒಂದು ಸಂಬಂಧ ಬಂತು. ಹುಡುಗ ರಾಮಾಂಜನೇಯ, ಹಿರೇಹಡಗಲಿಯವನು, ದನದ ಆಸ್ಪತ್ರೆಯಲ್ಲಿ ಇನ್ಸ್‌ಪೆಕ್ಟರ್. ಫೋಟೊ ನೋಡಿ ನಾಗವೇಣಿ "ಬರ್ಲಿ, ನೋಡೋಣ" ಎಂದಿದ್ದಳು. ಇದಕ್ಕೆ ಮುಂಚಿನ ಮೂರು ಫೋಟೊಗಳಿಗೆ ಅವಳು ಅಷ್ಟೂ ಹೇಳಿರಲಿಲ್ಲವಾದ್ದರಿಂದ ಲಕ್ಷ್ಮಿದೇವಿಯ ಎದೆಯಲ್ಲಿ ಆಗಲೇ ವಾಲಗ ಶುರುವಾಗಿತ್ತು. ಗಂಡು ಬರುವ ದಿನ ಬೆಳಿಗ್ಗೆ ಗಂಡನನ್ನು ದೇವರ ಜಗುಲಿಯ ಮುಂದೆ ನಿಲ್ಲಿಸಿದಳು.

"ಆಣಿ ಮಾಡ್ರಿ. ಬಂದೋರ ನಾಲಿಗಿ ವಿಷ್ಯ ಎತ್ತಂಗಿಲ್ಲ ಅಂತ."

"ಕೊಟ್ಟೂರು ಬಸಪ್ಪನ ಆಣಿಗೂ ಎತ್ತಂಗಿಲ್ಲ," ಎಂದರು ಎರ್ರೆಪ್ಪನವರು. ಆಣೆ ಮುರಿಯುವ ಮನುಷ್ಯರಲ್ಲ ಅವರು. ಆದರೆ ಶಿಬಿರದ ಎರಡನೆಯ ದಿನ ಉಗುರಿನ ಪಾಠವಾಗಿತ್ತು, ಅದರ ಬಗ್ಗೆ ಆಣೆಯಲ್ಲಿ ಚಕಾರವಿರಲಿಲ್ಲ.

ರಾಮಾಂಜನೇಯ ತಾಯಿ ಶಿವಮ್ಮನ ಜೊತೆ ಹನ್ನೊಂದಕ್ಕೆ ಬಂದ. ಎರ್ರೆಪ್ಪನವರು "ಬರ್ರಿ ಬರ್ರಿ" ಎಂದು ಹುಡುಗನ ಬಲಗೈ ಹಿಡಿದವರು ಬಿಡಲೇ ಇಲ್ಲ. ಕುರ್ಚಿಯವರೆಗೂ ಹಿಡಿದುಕೊಂಡೇ ಬಂದರು, ಕೂತ ಮೇಲೂ ತೊಡೆಯ ಮೇಲಿಟ್ಟುಕೊಂಡರು. ಧಾರೆಯೆರೆಯುವುದಕ್ಕೆ ಮೊದಲೇ ಇಂಥ ಕೈಹಿಡಿಯುವಿಕೆ ಶಿವಮ್ಮ ಕಂಡಿರಲಿಲ್ಲ. ಎರ್ರೆಪ್ಪನವರು ಕನ್ನಡಕ ಏರಿಸಿ ನೋಡಿದರು. ಐದೂ ಉಗುರು ಹಳದಿ! ಶಿಬಿರದ ಪಾಠದಂತೆ ಅದು ಕುಡುಕರ ಲಿವರ್‌ನ ಗುರುತು.

ಅವರ ಮುಖ ಗಂಭೀರವಾಯಿತು. ನಾಗವೇಣಿ ಚಹಾದ ತಟ್ಟೆ ಹಿಡಿದು ಬಂದಳು. "ಚಹಾ ಬ್ಯಾಡ," ಎಂದು ತಟ್ಟೆಯನ್ನು ತಡೆದು, ಒಳಗಿನಿಂದ ತಮ್ಮ ಕರಿ ಕಷಾಯದ ಲೋಟ ತಂದು ಹುಡುಗನ ಮುಂದಿಟ್ಟು, ಮತ್ತೆ ಅವನ ಕೈ ಹಿಡಿದರು.

"ತಮ್ಮಾ, ಖರೇ ಹೇಳು. ದಿನಾ ಕುಡೀತಿಯೋ, ಹಬ್ಬ ಹುಣ್ಣಿವಿಗಷ್ಟೋ?"

ಲಕ್ಷ್ಮಿದೇವಿ ಸೆರಗು ಬಾಯಿಗೆ ತುರುಕಿಕೊಂಡಳು. ಶಿವಮ್ಮ ಎದ್ದು ನಿಂತಳು.

"ಏನ್ರಿ ಇದು? ನನ್ನ ಮಗ ಸೋಡಾ ಸುದ್ದ ಕುಡಿಯಂಗಿಲ್ಲ! ಏಳೋ ರಾಮಾ, ಹೋಗೂಣು."

"ಕುಂದ್ರವ್ವ," ಎಂದ ರಾಮಾಂಜನೇಯ ನಗುತ್ತ. "ಯಜಮಾನ್ರ, ಇದು ಅಯೋಡಿನ್‌ರಿ. ಬೆಳಿಗ್ಗಿ ಒಂದು ಎತ್ತಿನ ಕೋಡು ಮುರಿದಿತ್ತು. ಹಚ್ಚಿ ಬಂದೆ. ಎಷ್ಟು ತಿಕ್ಕಿದ್ರೂ ಹೋಗ್ಲಿಲ್ಲ."

ನಾಗವೇಣಿಗೆ ನಗು ತಡೆಯಲಾಗದೆ ತಟ್ಟೆಯ ಕಪ್ಪುಗಳು ಗಲಗಲ ಎಂದವು. ಎರ್ರೆಪ್ಪನವರು ಕೈ ಬಿಟ್ಟರು. ಆದರೆ ಈಗ ಹುಡುಗ ಅವರ ಕೈ ಬಿಡಲಿಲ್ಲ. ಅವರ ಮುಖವನ್ನೇ ನೋಡುತ್ತ ನಗು ನಿಲ್ಲಿಸಿದ್ದ.

"ಸ್ವಲ್ಪ ಬೆಳಕಿಗೆ ಬರ್ರಿ," ಎಂದು ಅವರನ್ನು ಬಾಗಿಲಿಗೆ ಕರೆದೊಯ್ದ. ಎಡಗೈಯಿಂದ ಗದ್ದ ಎತ್ತಿ ಹಿಡಿದು ಬಲ ಹೆಬ್ಬೆರಳಿನಿಂದ ಕೆಳಗಿನ ರೆಪ್ಪೆಯನ್ನು ಸರಕ್ಕನೆ ಜಗ್ಗಿದ. ಅವನ ಹಿಡಿತದಲ್ಲಿ ದಿನಕ್ಕೆ ಮೂವತ್ತು ಎಮ್ಮೆಗಳ ಅನುಭವವಿತ್ತು. ಎರ್ರೆಪ್ಪನವರಿಗೆ ಕೊಸರಲಾಗಲಿಲ್ಲ.

"ಕಣ್ಣು ಹಳದಿ ಅರಿಷಿಣ ಆಗ್ಯಾವಲ್ರಿ! ಮೈ ತುರಿಸ್ತತೇನು? ಉಚ್ಚಿ ಯಾವ ಬಣ್ಣ ಬರ್ತತಿ?"

ಹೆಣ್ಣಿನ ತಂದೆಯನ್ನು ಕೇಳುವ ಪ್ರಶ್ನೆಗಳ ಪಟ್ಟಿಯಲ್ಲಿ ಇದು ಇರುವುದಿಲ್ಲ. ಎರ್ರೆಪ್ಪನವರು ಶಿವಮ್ಮನ ಕಡೆ ಒಮ್ಮೆ ನೋಡಿ, ಸಣ್ಣ ದನಿಯಲ್ಲಿ, "ಚಹಾದ ಬಣ್ಣ," ಎಂದರು.

"ಇವತ್ತ ರಕ್ತ ತೋರಿಸ್ಬೇಕು. ಈಗ."

ಹೆಣ್ಣು ನೋಡಲು ಬಂದ ಗಂಡು ಮಾವನಾಗುವವರನ್ನು ಬೈಕಿನ ಹಿಂದೆ ಕೂರಿಸಿಕೊಂಡು ಲ್ಯಾಬಿಗೆ ಹೋದ. ಲಿವರ್ ಪರೀಕ್ಷೆಯಲ್ಲಿ ನಲವತ್ತರೊಳಗೆ ಇರಬೇಕಾದ ಅಂಕಿ ಏಳುನೂರ ಹನ್ನೆರಡು ಬಂದಿತ್ತು. ಮೂವತ್ತೊಂದು ವರ್ಷ ಊರಿನ ಮನೆಮನೆಯಲ್ಲಿ ಕೇಳಿ ಬೇಸತ್ತಿದ್ದ ಮಾತು ಈಗ ಎರ್ರೆಪ್ಪನವರ ಬಾಯಿಂದಲೇ ಹೊರಬಿತ್ತು: "ನಿಮ್ಮ ಮಷಿನ್ ಕೆಟ್ಟೈತ್ರಿ."

ಅಲ್ಲಿಂದ ಆಸ್ಪತ್ರೆಗೆ ಹೋದರು. ಡಾಕ್ಟರು ಅವರು ಕುಡಿಯುವ ಪದಾರ್ಥಗಳ ಪಟ್ಟಿ ಬರೆಯತೊಡಗಿ, ಚೀಟಿ ತುಂಬಿದ ಮೇಲೆ ಪೆನ್ನು ಕೆಳಗಿಟ್ಟರು.

"ಇದ್ರಾಗ ಯಾವುದು ಕಾಟ ಕೊಟ್ಟೈತಿ ಅಂತ ಈಗ ಹೇಳಾಕ ಬರಂಗಿಲ್ಲ. ಎಲ್ಲಾ ಬಂದ್ ಮಾಡ್ರಿ. ವಾರಕ್ಕೊಮ್ಮಿ ರಕ್ತ ತೋರಿಸ್ರಿ. ಲಿವರ್ ತಾನ ಚೇತರಿಸ್ಕಂತತಿ, ನೀವು ಅದಕ್ಕ ಉಪಕಾರ ಮಾಡೋದು ನಿಲ್ಲಿಸಿದ್ರ ಸಾಕು."

ಮನೆಗೆ ಬಂದವರೇ ಎರ್ರೆಪ್ಪನವರು ಮಂಚದ ಮೇಲೆ ಕೂತುಬಿಟ್ಟರು. ನಿಜವಾಗಿ ಹೆದರಿದ್ದರು. ನಾಗವೇಣಿ ಚೂರ್ಣದ ಡಬ್ಬಿಯನ್ನು ಆಗಲೇ ಚರಂಡಿಗೆ ಸುರಿದಿದ್ದಳು. ಅಪ್ಪನ ಪಕ್ಕ ಕೂತು ಕೈ ಹಿಡಿದುಕೊಂಡಳು. "ಅಪ್ಪಾ, ನಾವೆಲ್ಲ ನಿನ್ನ ಬಾಯಿ ನೋಡ್ಕಂತ ಕುಂತಿದ್ವಿ. ನಿನ್ನ ಕಣ್ಣು ನೋಡಿದೋರು ಇವರೊಬ್ರ," ಎಂದಳು. ಇದಕ್ಕಿಂತ ಸ್ಪಷ್ಟವಾಗಿ ಯಾವ ಹುಡುಗಿ ಒಪ್ಪಿಗೆ ಕೊಡುತ್ತಾಳೆ?

ಶಿವಮ್ಮನಿಗೂ ಅದು ತಿಳಿಯಿತು. ಚಪ್ಪಲಿ ಮೆಟ್ಟುತ್ತ ಲಕ್ಷ್ಮಿದೇವಿಯ ಕಿವಿಯಲ್ಲಿ, "ಹುಡುಗಿ ನಮಗ ಒಪ್ಪಿಗಿ ಐತ್ರಿ. ಬೀಗರನ್ನ ಮಾತ್ರ ಸ್ವಲ್ಪ ಕಟ್ಟಿ ಹಾಕ್ರಿ," ಎಂದು ಹೇಳಿ ಹೋದಳು.

ಲಕ್ಷ್ಮಿದೇವಿ ಆ ಮಾತನ್ನು ಅಕ್ಷರಶಃ ಪಾಲಿಸಿದಳು. ಎರ್ರೆಪ್ಪನವರಿಗೆ ಪಡಸಾಲೆಯ ಮಂಚ, ಗಂಜಿ, ಮಜ್ಜಿಗೆ, ಮೊಬೈಲು ಬೀರುವಿನಲ್ಲಿ. ಮೂರು ವಾರಕ್ಕೆ ಅಂಕಿ ಇನ್ನೂರಕ್ಕೆ ಇಳಿಯಿತು, ನಾಲ್ಕನೆಯ ವಾರ ಹಸಿವೂ ಬಂತು, ಹಸಿವಿನ ಜೊತೆ ಸಿಟ್ಟೂ ಬಂತು. ಉಪ್ಪಿನಕಾಯಿ ಕೊಡದ ಹೆಂಡತಿಯ ಮೇಲೆ ದಿನಕ್ಕೆ ಎರಡು ಬಾರಿ ಎಗರಾಡತೊಡಗಿದರು.

ಭಾವೀ ಅಳಿಯ ದಿನವೂ ಸಂಜೆ ತಪ್ಪದೆ ಫೋನ್ ಮಾಡುತ್ತಿದ್ದ. ಒಂದು ದಿನ ಯಾವುದೋ ಹಟ್ಟಿಯ ನಡುವೆ ನಿಂತು, ಸುತ್ತ ದನಗಳ ಕೂಗು ಕೇಳುತ್ತಿರುವಾಗಲೇ ಮಾಡಿದ. ಲಕ್ಷ್ಮಿದೇವಿ ಸ್ಪೀಕರ್ ಒತ್ತಿದಳು. ಎರ್ರೆಪ್ಪನವರು ಮಂಚದ ಮೇಲೆ ಕಿವಿ ನೆಟ್ಟಗೆ ಮಾಡಿದರು.

"ಅತ್ತಿಯಾರ, ಮಾವಾರು ಇವತ್ತು ಮೇವು ಸರಿ ತಿಂದ್ರೇನ್ರಿ?"

ಆ ಕಡೆ ಹುಡುಗ ನಾಲಿಗೆ ಕಚ್ಚಿಕೊಂಡದ್ದು ಈ ಕಡೆಗೂ ಕೇಳಿಸಿತು. ಲಕ್ಷ್ಮಿದೇವಿ ಮಾತ್ರ ಗಂಡನ ಕಡೆ ಒಮ್ಮೆ ತಿರುಗಿ ನೋಡಿ, ಶ್ರದ್ಧೆಯಿಂದ ವರದಿ ಒಪ್ಪಿಸಿದಳು:

"ತಿಂದಾರಪ್ಪ, ಚೊಲೋ ತಿಂದಾರ. ಆದ್ರ ಹತ್ರ ಹೋದ್ರ ಹಾಯಾಕ ಬರ್ತಾರ."