ಪಾಕದ ವಿಪಾಕ

ಮಾರ್ಚ್ ಅರ್ಧ ಕಳೆದಿತ್ತು. ಕ್ಯಾಲೆಂಡರಿನವರು ಒಂದು ಹೂವಿನ ಚಿತ್ರ ಹಾಕಿ, ವಸಂತ ಬಂತು ಅಂತ ಹೇಳಿ ಕೈತೊಳೆದುಕೊಂಡಿದ್ದರು. ಎಲ್ವಿನ್ ಬೆಳಿಗ್ಗೆ ಎದ್ದು ಮನೆಯ ಬಾಗಿಲು ತೆಗೆದರೆ ಎದುರಿಗೆ ಇನ್ನೊಂದು ಬಾಗಿಲು, ಹಿಮದ್ದು. ಅಮೆರಿಕದ ವರ್ಮಾಂಟಿನ ಬೆಟ್ಟಗಳಲ್ಲೇ ಹುಟ್ಟಿ ಅಲ್ಲೇ ಹಲ್ಲು ಉದುರಿಸಿಕೊಂಡವನಿಗೆ ಇದು ಹೊಸದೇನಲ್ಲ. ಆದರೂ ಪ್ರತಿವರ್ಷ ಈ ಹೊತ್ತಿಗೆ ಅವನಿಗೆ ಖಾತ್ರಿಯಾಗಿಬಿಡುತ್ತಿತ್ತು: ಈ ಸಲ ವಸಂತ ದಾರಿಯಲ್ಲೆಲ್ಲೋ ಸತ್ತುಹೋಗಿದೆ, ಯಾರೂ ನಮಗೆ ಸುದ್ದಿ ಕೊಟ್ಟಿಲ್ಲ. ಮಿಕ್ಕವರಿಗೆ ಅದು ಚಳಿಗಾಲ, ಎಲ್ವಿನ್‌ಗೆ ಕೇಡುಗಾಲ. ನವೆಂಬರಿನಿಂದ ಅಂಗಳದ ಹಿಮ ತೋಡಿ ತೋಡಿ ಬದಿಗೆ ಹಾಕುತ್ತಾ ಬಂದಿದ್ದ. ಈಗ ಹಾಕೋಣವೆಂದರೆ ಬದಿಯೇ ಉಳಿದಿರಲಿಲ್ಲ.

ಹೊರಗಿನ ಸಹವಾಸವೇ ಬೇಡವೆಂದು ಒಳಗೆ ಬಂದು ಕೂತರೆ ಅಡುಗೆಮನೆಯಲ್ಲೂ ಹಿಮವೇ. ಅವನ ತಾಯಿ ಈ ಮನೆಗೆ ಬಂದ ಹೊಸದರಲ್ಲಿ ತಾನೇ ಏಣಿ ಹತ್ತಿ ಅಂಟಿಸಿದ ವಾಲ್‌ಪೇಪರ್ ಅದು. ಹಿಮ ಹೊತ್ತ ಪೈನ್ ಮರ, ಪಕ್ಕದಲ್ಲಿ ಕುದುರೆ ಎಳೆಯುವ ಜಾರುಬಂಡಿ, ಮತ್ತೆ ಪೈನ್ ಮರ, ಮತ್ತೆ ಜಾರುಬಂಡಿ. ಒಲೆಯ ಹಿಂದಿನಿಂದ ಹೊರಟ ಮೆರವಣಿಗೆ ನಾಲ್ಕೂ ಗೋಡೆ ಸುತ್ತಿ ಒಲೆಯ ಹಿಂದಕ್ಕೇ ಬರುತ್ತಿತ್ತು. (ಆ ಬಂಡಿಯವನು ಇಷ್ಟು ವರ್ಷವಾದರೂ ಯಾವ ಊರನ್ನೂ ಮುಟ್ಟಿಲ್ಲ.) ಬಿಳಿಯಾಗಿದ್ದ ಹಿಮ ಒಲೆಯ ಹೊಗೆ ಕುಡಿದೂ ಕುಡಿದೂ ಮುದುಕನ ಹಲ್ಲಿನ ಬಣ್ಣಕ್ಕೆ ತಿರುಗಿತ್ತು.

ಹೆಂಡತಿ ವರ್ನಾ ಪ್ರತಿ ಚಳಿಗಾಲದಲ್ಲೂ ಈ ವಿಷಯವೆತ್ತುತ್ತಿದ್ದಳು.

"ಹೊರಗೂ ಹಿಮ, ಒಳಗೂ ಹಿಮ. ನಾನೇನು ಪಾಪ ಮಾಡಿದ್ದೆ ಎಲ್ವಿನ್? ಇದನ್ನ ಕಿತ್ತು ಹಳದಿ ಬಣ್ಣ ಬಳಿಯೋಣ. ಕಾಫಿ ಕುಡಿಯೋವಾಗ ಒಂಚೂರು ಬಿಸಿಲು ಕಂಡ ಹಾಗಾಗುತ್ತೆ."

"ಅಮ್ಮ ಅಂಟಿಸಿದ್ದು."

"ನಿಮ್ಮಮ್ಮ ನನಗೆ ನಿನ್ನನ್ನೂ ಅಂಟಿಸಿದ್ರು. ಅದನ್ನ ಸಹಿಸ್ಕೊಂಡಿದೀನಲ್ಲ, ಸಾಲದಾ?"

"ನಾನು ಬದುಕಿರೋ ತನಕ ಆ ಕಾಗದಕ್ಕೆ ಯಾರೂ ಕೈ ಹಚ್ಚಬಾರದು, ಅಷ್ಟೇ."

ಹಟಕ್ಕೆ ಹೇಳಿದ ಮಾತಲ್ಲ ಅದು. ಕಿಟಕಿಯ ಪಕ್ಕ ಒಂದು ಕಡೆ ತಾಯಿ ಅಳತೆ ತಪ್ಪಿ ಅಂಟಿಸಿದ್ದಳು. ಅಲ್ಲಿ ಬಂಡಿಗೆ ಅರ್ಧ ಕುದುರೆ ಮಾತ್ರ ಇತ್ತು, ಹಿಂದಿನ ಅರ್ಧ. ಅದನ್ನು ತೋರಿಸಿ ಅವಳು ಸಾಯುವವರೆಗೂ ನಕ್ಕಿದ್ದಳು. ಆ ಅರ್ಧ ಕುದುರೆ ಕಣ್ಣಿಗೆ ಬಿದ್ದಾಗಲೆಲ್ಲ ಎಲ್ವಿನ್‌ಗೆ ತಾಯಿಯ ಆ ನಗು ಕೇಳಿಸುತ್ತಿತ್ತು. ವರ್ನಾಗೋ, ಅದು ಬರೀ ಕುದುರೆಯ ಹಿಂಭಾಗ. ಫೆಬ್ರವರಿಯ ಒಂದು ಬೆಳಿಗ್ಗೆ ಅವಳು ಕಾಫಿ ಆರಲು ಬಿಟ್ಟು ಗೋಡೆ ನೋಡುತ್ತಾ ಸುಮ್ಮನೆ ಅಳುತ್ತಿದ್ದಳು. ಏನಾಯಿತೆಂದು ಕೇಳಿದ. "ಏನಿಲ್ಲ, ಕುದುರೆ ನೋಡ್ತಿದ್ದೆ" ಅಂದಳು. ಅವನಿಗೆ ಅಯ್ಯೋ ಅನ್ನಿಸಿತು. ಆದರೂ ಜಗ್ಗಲಿಲ್ಲ.

ಅಷ್ಟರಲ್ಲಿ ಒಂದು ಮಧ್ಯಾಹ್ನ ಸೂರಿನಿಂದ ನೀರು ತೊಟ್ಟಿಕ್ಕಿತು. ರಾತ್ರಿ ಹೆಪ್ಪುಗಟ್ಟಿ ಹಗಲು ಕರಗುವ ಈ ನಾಲ್ಕು ದಿನಗಳಲ್ಲೇ ಮೇಪಲ್ ಮರಗಳಲ್ಲಿ ರಸ ಏರುವುದು. ಸತ್ತಂತಿದ್ದ ಎಲ್ವಿನ್ ದಡಬಡಿಸಿ ಎದ್ದ. ತೊಡೆಮಟ್ಟದ ಹಿಮದಲ್ಲಿ ಕಾಲೆಳೆಯುತ್ತಾ ಹೋಗಿ ಮರಗಳಿಗೆ ತೂತು ಕೊರೆದು, ಸಣ್ಣ ಕೊಳವೆ ಚುಚ್ಚಿ, ಬಕೆಟ್ ತೂಗುಹಾಕಿದ. ಈ ರಸವೆಂಬುದು ಬಾಯಿಗೆ ಹಾಕಿದರೆ ಮುಕ್ಕಾಲು ಪಾಲಲ್ಲ, ಪೂರ್ತಿ ನೀರೇ. ನೀರೂ ರಸವೂ ಸೇರಿ ನೀರಸ. ನಲವತ್ತು ಬಕೆಟ್ ಕುದಿಸಿ ಬತ್ತಿಸಿದರೆ ಒಂದು ಬಕೆಟ್ ಪಾಕ ಸಿಗುತ್ತದೆ, ಅದೂ ದೇವರು ದೊಡ್ಡ ಮನಸ್ಸು ಮಾಡಿದರೆ.

ಪ್ರತಿವರ್ಷ ಅಂಗಳದ ಕೊಟ್ಟಿಗೆಯಲ್ಲಿ ಹಳೆಯ ಕಬ್ಬಿಣದ ಒಲೆ ಹೂಡಿ ಕುದಿಸುತ್ತಿದ್ದ. ಈ ವರ್ಷ ಹಿಮದ ಭಾರಕ್ಕೆ ಕೊಟ್ಟಿಗೆಯ ಮಾಡು ಕುಸಿದು ಒಲೆಯ ಮೇಲೆ ಕೂತಿತ್ತು. ಎಲ್ವಿನ್‌ನ ಸೊಂಟವೂ ಹೆಚ್ಚುಕಡಿಮೆ ಅದೇ ಸ್ಥಿತಿಯಲ್ಲಿತ್ತು. ತುಂಬಿದ ಬಕೆಟ್‌ಗಳ ನಡುವೆ ತಲೆ ಮೇಲೆ ಕೈಹೊತ್ತು ಕೂತ.

"ಆ ಚಳೀಲಿ ಯಾಕೆ ಸಾಯ್ತೀಯ? ಒಳಗೇ ಕುದಿಸು" ಅಂದಳು ವರ್ನಾ.

"ಒಳಗಾ? ಅಮ್ಮ ಬಿಡ್ತಿರಲಿಲ್ಲ."

"ಯಾಕಂತೆ?"

"ಯಾಕೋ. ಕೇಳಿಲ್ಲ."

"ಅವರ ಕಾಲ ಬೇರೆ. ನಿನ್ನ ಸೊಂಟ ನೋಡಿದ್ರೆ ನನಗೆ ಕರುಳು ಚುರುಕ್ ಅನ್ನುತ್ತೆ."

ಇಲ್ಲಿ ಎಲ್ವಿನ್ ಅನುಮಾನಪಡಬೇಕಿತ್ತು. ಒದ್ದೆ ಬೂಟು ಒಳಗೆ ತಂದರೆ ಮನೆ ಸೂರು ಹಾರಿಸುವ ಹೆಂಗಸು ನಲವತ್ತು ಬಕೆಟ್ ರಸವನ್ನು ಅಡುಗೆಮನೆಗೆ ಆಹ್ವಾನಿಸುತ್ತಿದ್ದಾಳೆ. ಆದರೆ ಗಂಡಸಿಗೆ ಕರುಣೆ ತೋರಿಸಿಬಿಟ್ಟರೆ ಅವನ ಬುದ್ಧಿ ಅಲ್ಲಿಗೆ ನಿಂತುಹೋಗುತ್ತದೆ. ವರ್ನಾ ತಾನೇ ಹೋಗಿ ನೆರೆಮನೆಯ ಹಾಲಿಸ್‌ನ ಹೆಂಡತಿ ಆರ್ಲೀನ್ ಹತ್ತಿರ ಅಗಲವಾದ ಬಾಣಲೆ ಕೇಳಿ ತಂದಳು. ಒಲೆಗೆ ಸೌದೆ ತುಂಬಿದಳು. ಕಿಟಕಿಗಳನ್ನು ಒಂದೊಂದಾಗಿ ಬಿಗಿಯಾಗಿ ಮುಚ್ಚಿದಳು.

"ಸೌದೆ ಮುಗೀತಾ ಬಂತು. ಕಿಟಕಿ ತೆಗೆದು ಬೆಟ್ಟಕ್ಕೆಲ್ಲ ಶಾಖ ಹಂಚಬೇಡ. ಇದು ಮುಗಿಯೋ ತನಕ ಹಗಲೆಲ್ಲ ನಾನು ಆರ್ಲೀನ್ ಮನೇಲಿ ಹೆಣಿಗೆ ಹಾಕ್ತಾ ಕೂತಿರ್ತೀನಿ" ಎಂದು ಹೇಳಿ ಹೊರಟಳು. ಇಷ್ಟು ವರ್ಷಕ್ಕೆ ಇವಳಿಗೂ ಸೌದೆಯ ಬೆಲೆ ತಿಳಿಯಿತಲ್ಲ ಎಂದು ಎಲ್ವಿನ್ ಹಿಗ್ಗಿದ.

ಮಹಾಯಜ್ಞ ಶುರುವಾಯಿತು. ಕುದಿಸಿದ, ಸುರಿದ, ಮತ್ತೆ ಕುದಿಸಿದ. ಮೊದಲು ಆವಿಗೆ ಕಿಟಕಿಗಳು ಮಂಜಾದವು. ಆಮೇಲೆ ಕನ್ನಡಕ ಮಂಜಾಯಿತು. ಬೆಕ್ಕು ಒಂದು ಸಲ ಅವನ ಮುಖ ನೋಡಿ ಎದ್ದುಹೋಯಿತು. ಮೂರನೆಯ ದಿನದ ಹೊತ್ತಿಗೆ ಚಾವಣಿಯಿಂದ ಸಿಹಿ ನೀರು ಅವನ ಬೋಳುತಲೆಗೆ ತೊಟ್ಟಿಕ್ಕುತ್ತಿತ್ತು. ಆದರೆ ಬಾಣಲೆಯಲ್ಲಿ ಪಾಕ ಬಂಗಾರದ ಬಣ್ಣಕ್ಕೆ ಬರುತ್ತಿತ್ತು. ಎಷ್ಟೋ ತಿಂಗಳ ನಂತರ ಎಲ್ವಿನ್‌ಗೆ ಬದುಕಿರುವುದು ಒಳ್ಳೆಯದೇ ಅನ್ನಿಸಿತು.

ಇನ್ನೇನು ಇಳಿಸಬೇಕು ಅನ್ನುವಾಗ ಒಲೆಯ ಹಿಂದಿನ ಪೈನ್ ಮರವೊಂದು ಅವನಿಗೆ ನಮಸ್ಕಾರ ಮಾಡಿದ ಹಾಗೆ ಬಾಗಿತು. ಕಣ್ಣಿನ ದೋಷವಿರಬೇಕೆಂದು ಕನ್ನಡಕ ಒರೆಸಿ ನೋಡಿದ. ಅದರ ಪಕ್ಕದ ಜಾರುಬಂಡಿ ಹೊರಟೇಬಿಟ್ಟಿತ್ತು, ಕೆಳಮುಖವಾಗಿ. ಎಲ್ವಿನ್ ಓಡಿಹೋಗಿ ಎರಡೂ ಅಂಗೈಯಲ್ಲಿ ಗೋಡೆಯನ್ನು ಒತ್ತಿ ಹಿಡಿದ. ಅತ್ತ ಬಾಣಲೆಯಲ್ಲಿ ನೊರೆ ಉಕ್ಕತೊಡಗಿತು. ಗೋಡೆ ಬಿಟ್ಟರೆ ತಾಯಿಯ ಕಾಗದ ಬೀಳುತ್ತದೆ, ಬಾಣಲೆ ಬಿಟ್ಟರೆ ಪಾಕ ಹೋಗುತ್ತದೆ. ದೇವರು ಮನುಷ್ಯನಿಗೆ ಎರಡೇ ಕೈ ಕೊಟ್ಟ ತಪ್ಪು ಅವನಿಗೆ ಅಂದು ಅರ್ಥವಾಯಿತು. ಕಾಲು ಚಾಚಿ ಬಾಣಲೆಯನ್ನು ಸರಿಸಲು ನೋಡಿದ. ಸೊಂಟ ಒಪ್ಪಲಿಲ್ಲ.

ಕೊನೆಗೆ ತಾಯಿಯನ್ನೇ ಆರಿಸಿಕೊಂಡ. ಪಾಕ ಉಕ್ಕಿ, ಒಲೆಯ ಮೇಲೆ ಹರಿದು, ಸುಟ್ಟು ಕರಕಲಾಯಿತು. ಅದೆಲ್ಲ ಮುಗಿಯುವವರೆಗೆ ಕಾದಿದ್ದ ಹಾಗೆ ಆವಿಗೆ ಅಂಟು ಬಿಟ್ಟ ಗೋಡೆಯ ಕಾಗದವೂ ಮೇಲಿನಿಂದ ಕಳಚಿ ಅವನ ತಲೆ ಮೇಲೆ ಬಿತ್ತು. ಅದರ ಹಿಂದೆಯೇ ಎಡಗೋಡೆ, ಬಲಗೋಡೆ, ಕಿಟಕಿಯ ಪಕ್ಕದ ಅರ್ಧ ಕುದುರೆ, ಎಲ್ಲವೂ ಸಾಲಾಗಿ ನೆಲ ಸೇರಿದವು.

ವರ್ನಾ ಬಂದಾಗ ಅವನು ಒದ್ದೆ ಕಾಗದ ಹೊದ್ದುಕೊಂಡು ಕುರ್ಚಿಯಲ್ಲಿ ಕೂತಿದ್ದ.

"ಅಮ್ಮಂದು ಎಲ್ಲಾ ಹೋಯ್ತು ವರ್ನಾ" ಅಂದ.

ಅವಳ ಮುಖ ಒಂದು ಗಳಿಗೆ ನಿಜಕ್ಕೂ ಬಾಡಿತು. ಅವನ ತಲೆಯಿಂದ ಪೈನ್ ಮರಗಳನ್ನು ಮೆಲ್ಲಗೆ ಬಿಡಿಸಿದಳು. ಆಮೇಲೆ ಬಗ್ಗಿ, ನೆಲದ ಮೇಲಿದ್ದ ಅರ್ಧ ಕುದುರೆಯನ್ನು ಹುಡುಕಿ, ಹರಿಯದಂತೆ ಎತ್ತಿ, ಹಳೆ ಪತ್ರಿಕೆಯ ನಡುವೆ ಒಣಗಲು ಇಟ್ಟಳು. ಹಾಗೆ ಮಾಡೆಂದು ಅವನು ಹೇಳಿರಲಿಲ್ಲ. ಎಲ್ವಿನ್‌ಗೆ ಹೆಂಡತಿಯ ಮೇಲೆ ಬಹಳ ಪ್ರೀತಿ ಬಂತು.

"ಬೋಳು ಗೋಡೆ ಇನ್ನೂ ಅಧ್ವಾನ" ಅಂದ. "ಏನಾದ್ರೂ ಬಳೀಲೇಬೇಕು. ನಿನಗೆ ಹಳದಿ ಇಷ್ಟ ಅಲ್ವಾ? ಆದ್ರೆ ಈ ಹಿಮದಲ್ಲಿ ಪೇಟೆಗೆ ಹೋಗೋದು ಹೇಗೆ?"

"ನೆಲಮಾಳಿಗೇಲಿ ಎರಡು ಡಬ್ಬ ಇದೆ" ಅಂದಳು ವರ್ನಾ. "ಶರತ್ಕಾಲದಲ್ಲಿ ಅಗ್ಗಕ್ಕೆ ಸಿಕ್ಕಿತ್ತು."

ಪಾಪ, ದುಃಖದಲ್ಲಿದ್ದವನು. ಕೂಡಿ ಕಳೆದು ನೋಡಲಿಲ್ಲ.

ಮರುದಿನ ಮತ್ತೆ ಹಿಮ ಸುರಿಯಿತು. ಎಲ್ವಿನ್ ಏಣಿ ಹತ್ತಿ ಹಳದಿ ಬಳಿಯುತ್ತಿದ್ದಾಗ ಹಾಲಿಸ್ ಬಾಣಲೆ ವಾಪಸು ಒಯ್ಯಲು ಬಂದ. ಎಲ್ವಿನ್ ತನ್ನ ಕಥೆಯನ್ನೆಲ್ಲ ಹೇಳಿಕೊಂಡ. ಹಾಲಿಸ್ ಬಾಣಲೆಯ ತಳದ ಕರಿಯನ್ನು ಉಗುರಿನಿಂದ ಕೆರೆಯುತ್ತಾ ಕೇಳಿದ.

"ಒಳಗೇ ಕುದಿಸು ಅಂದಿದ್ದು ಯಾರು?"

"ವರ್ನಾ. ನನ್ನ ಸೊಂಟ ನೋಡಿ ಪಾಪ ಅನ್ನಿಸ್ತಂತೆ."

"ಆರ್ಲೀನ್‌ಗೆ ನನ್ನ ಮಂಡಿ ನೋಡಿ ಅನ್ನಿಸ್ತು, ಹೋದ ವರ್ಷ." ಹಾಲಿಸ್ ಬಾಣಲೆಯನ್ನು ಕಂಕುಳಲ್ಲಿ ಇರುಕಿಕೊಂಡು ಬಾಗಿಲ ಕಡೆ ನಡೆದ. "ನಮ್ಮದು ನೀಲಿ."