ಮಹಡಿ ಮೇಲಿನ ನಾಲ್ಕನೇ ಸ್ಟೂಲು

ಗೊತ್ತಿದ್ದವರನ್ನು ಕೇಳಿದರೆ ಗೊಂದಲ ಕಮ್ಮಿಯಾಗುತ್ತದೆ ಅನ್ನುತ್ತಾರೆ. ನನಗೆ ಯಾವತ್ತೂ ಹಾಗಾಗಿಲ್ಲ. ಒಬ್ಬರನ್ನು ಕೇಳಿದರೆ ಒಂದು ಪಾಲು, ಮೂವರನ್ನು ಕೇಳಿದರೆ ಮೂರು ಪಾಲು ಗೊಂದಲ ಹೊತ್ತುಕೊಂಡು ಮನೆಗೆ ಬರುವುದು ನನ್ನ ಹಣೆಬರಹ. ಅದರಲ್ಲೂ ನಮ್ಮ ಮಹಡಿ ಮೇಲೆ ಬಾಡಿಗೆಗಿದ್ದ ಹುಡುಗರ ಸಹವಾಸ ಆದಮೇಲೆ ಇಂಥ ಪ್ರಸಂಗಗಳು ಭಾನುವಾರಕ್ಕೊಂದರಂತೆ ನಡೆಯತೊಡಗಿದವು.

ನಾನು ಅತ್ತಿಬೆಲೆಯ ಒಂದು ಕಾರ್ಖಾನೆಯಲ್ಲಿ ಸ್ಟೋರ್‌ಕೀಪರ್. ಮನೆ ಸಿಂಗಸಂದ್ರದಲ್ಲಿ, ತಾತ ರಾಗಿ ಬಿತ್ತುತ್ತಿದ್ದ ಜಾಗದಲ್ಲೇ. ಕೆಳಗೆ ಅಮ್ಮ, ಹೆಂಡತಿ, ನಾನು. ಮೇಲೆ ಎಲೆಕ್ಟ್ರಾನಿಕ್ ಸಿಟಿಗೆ ಕೆಲಸಕ್ಕೆ ಹೋಗುವ ಇಬ್ಬರು ಹುಡುಗರು. ಒಬ್ಬ ಕನ್ನಡಕದವನು, ಇನ್ನೊಬ್ಬ ಗಡ್ಡದವನು. ಭಾನುವಾರ ಅವರ ಆಫೀಸಿನ ಹುಡುಗಿಯೊಬ್ಬಳು ಸ್ಕೂಟರಿನಲ್ಲಿ ಬರುತ್ತಿದ್ದಳು. ಬರುವಾಗ ಅವಳ ಬೆನ್ನಿಗೆ ಒಂದು ದೊಡ್ಡ ಚೀಲ ಇರುತ್ತಿತ್ತು. ಅದರಲ್ಲಿ ಏನಿದೆ ಎನ್ನುವುದೇ ಅಮ್ಮನ ಮೊದಲ ಅನುಮಾನ.

೧. ಜೂಜೋ, ಅಲ್ಲವೋ

ಒಂದು ಭಾನುವಾರ ತಿಂಡಿ ಮುಗಿಸಿ ಪೇಪರ್ ಹಿಡಿದಿದ್ದೆ. ಅಮ್ಮ ತಾರಸಿ ಕಡೆ ಕಿವಿಗೊಟ್ಟು, "ಏನ್ಲಾ ಅದು, ಮೇಲ್ಗಡೆ ದಾಳ ಉಳ್ಳೋ ಸದ್ದು? ಜೂಜಾಡ್ತಾವ್ರಾ ನೋಡ್ಕಂಡು ಬಾ. ಜೂಜಾದ್ರೆ ಮನೆ ಖಾಲಿ ಮಾಡ್ಸು" ಎಂದಳು.

ಹೋದೆ. ಮೇಜಿನ ತುಂಬ ಹುಡುಗಿಯ ಚೀಲದಿಂದ ಹೊರಬಂದ ಒಂದು ದೊಡ್ಡ ಹಲಗೆ, ಬಣ್ಣಬಣ್ಣದ ಮರದ ಚೂರು, ಕಂತೆ ಕಂತೆ ಕಾರ್ಡು. ಕನ್ನಡಕದವನು ದಪ್ಪ ಪುಸ್ತಕ ಓದುತ್ತಿದ್ದ. ಹುಡುಗಿ ಬೇಸರ ಕಳೆಯಲು ಸುಮ್ಮನೆ ದಾಳ ಉರುಳಿಸುತ್ತಿದ್ದಳು. ಮೇಜಿನ ಸುತ್ತ ನಾಲ್ಕು ಸ್ಟೂಲು. ಒಂದು ಖಾಲಿ. ಅವರ ಜೊತೆಗಾರನೊಬ್ಬ ಪುಣೆಗೆ ವರ್ಗವಾಗಿ ಹೋಗಿದ್ದನಂತೆ.

ಆ ಖಾಲಿ ಸ್ಟೂಲು ಕಂಡು ನನಗೆ ಏನೋ ಆಯಿತು. ನಾವು ಐದು ಜನ ಮಕ್ಕಳು, ನಾನೇ ಕೊನೆಯವನು. ಮನೆಯಲ್ಲಿ ಚೌಕಾಬಾರ ಬರೆದರೆ ನಾಲ್ಕು ಕಡೆ ಅಣ್ಣಂದಿರು, ಅಕ್ಕಂದಿರು ಕೂತುಬಿಡುತ್ತಿದ್ದರು. ನಾನು ಅತ್ತರೆ ಅಮ್ಮ, "ಹಿಂದೆ ನಿಂತ್ಕಂಡು ನೋಡ್ಲಾ, ತಾನಾಗೇ ಅರ್ಥ ಆಯ್ತದೆ" ಅನ್ನುತ್ತಿದ್ದಳು. ಹಿಂದೆ ನಿಂತು ನಿಂತೇ ನನ್ನ ಬಾಲ್ಯ ಮುಗಿದುಹೋಯಿತು. ಈಗ ನಲವತ್ತು ದಾಟಿದೆ. ಆದರೂ ನಾಚಿಕೆ ಬಿಟ್ಟು ಹೇಳುತ್ತೇನೆ, ಆ ಸ್ಟೂಲು ನನಗೆ ಬೇಕಾಗಿತ್ತು.

"ಬನ್ನಿ ಸಾರ್, ಕೂತ್ಕೊಳ್ಳಿ. ರೂಲ್ಸ್ ಹೇಳ್ತಿದ್ದೀನಿ" ಎಂದ ಕನ್ನಡಕದವನು.

"ದುಡ್ಡಿಟ್ಟು ಆಡೋದಾ?"

"ಛೇ, ಇಲ್ಲ ಸಾರ್. ಬರೀ ಪಾಯಿಂಟು."

"ಹಾಗಾದ್ರೆ ಜಾಸ್ತಿ ಪಾಯಿಂಟ್ ಬಂದೋರು ಗೆದ್ದಂಗೆ."

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಅಷ್ಟು ಸಿಂಪಲ್ ಅಲ್ಲ ಸಾರ್" ಎಂದು ಆತ ಪುಸ್ತಕದ ಮೊದಲ ಪುಟಕ್ಕೆ ಹೋದ.

ಕೆಳಗಿಳಿದು ಬಂದಾಗ ಅಮ್ಮ ಊಟಕ್ಕೆ ತಟ್ಟೆ ಹಾಕುತ್ತಿದ್ದಳು. "ಏನಾಯ್ತ್ಲಾ? ಜೂಜಾ?"

"ಗೊತ್ತಾಗ್ಲಿಲ್ಲಮ್ಮ. ಆಟ ಇನ್ನೂ ಶುರುವಾಗಿಲ್ಲ, ರೂಲ್ಸೇ ಹೇಳ್ತಾವ್ರೆ."

೨. ಮಾಡಿದ ಉಪಕಾರ

ಮುಂದಿನ ವಾರ ನೀರಿನ ಟ್ಯಾಂಕು ತುಂಬಿ ಸುರಿಯುತ್ತಿದೆ ಅಂತ ಮಹಡಿಗೆ ಹೋದೆ. ಬಾಗಿಲು ತೆರೆದಿತ್ತು. ಮೂವರೂ ಬಿರಿಯಾನಿ ತರಲು ಹೋಗಿದ್ದರು. ಮೇಜಿನ ಮೇಲೆ ಆ ಸಾಮಾನೆಲ್ಲ ಚೆಲ್ಲಾಪಿಲ್ಲಿ. ಮರದ ಚೂರುಗಳು ಅಲ್ಲಿಷ್ಟು ಇಲ್ಲಿಷ್ಟು, ಕಾರ್ಡುಗಳು ಕೆಲವು ಮಗುಚಿಕೊಂಡು, ಕೆಲವು ಬಾಯಿ ತೆರೆದುಕೊಂಡು.

ಹದಿನೆಂಟು ವರ್ಷ ಸ್ಟೋರ್ ನೋಡಿಕೊಂಡವನಿಗೆ ಅದನ್ನು ನೋಡಿಕೊಂಡು ಸುಮ್ಮನೆ ಹೋಗಲು ಆಗುತ್ತದೆಯೇ? ಕೂತೆ. ಕೆಂಪು ಚೂರು ಬೇರೆ, ನೀಲಿ ಬೇರೆ. ಕಾರ್ಡುಗಳ ಮೂಲೆಯಲ್ಲಿ ನಂಬರ್ ಇತ್ತು, ಒಂದರಿಂದ ಕೊನೆಯವರೆಗೆ ಕ್ರಮವಾಗಿ ಜೋಡಿಸಿದೆ. ಜೇಬಿನಲ್ಲಿ ಸದಾ ಇರುವ ಪ್ಲಾಸ್ಟಿಕ್ ಕವರುಗಳಿಗೆ ತುಂಬಿ, ಒಂದೊಂದಕ್ಕೂ ಚೀಟಿ ಕಟ್ಟಿ, ಪೆಟ್ಟಿಗೆಗೆ ಹಾಕಿ ಮುಚ್ಚಳ ಮುಚ್ಚಿದೆ. ಮೇಜನ್ನೂ ಒರೆಸಿದೆ.

ಬಿರಿಯಾನಿ ಹಿಡಿದು ಬಂದವರು ಬಾಗಿಲಲ್ಲೇ ನಿಂತರು.

"ಆಟ ಎಲ್ಲಿ ಸಾರ್?"

"ಎತ್ತಿಟ್ಟಿದ್ದೀನಿ. ಪರವಾಗಿಲ್ಲ, ಥ್ಯಾಂಕ್ಸ್ ಎಲ್ಲ ಬೇಡ."

ಕನ್ನಡಕದವನು ಗೋಡೆಗೆ ಒರಗಿದ. "ಬೆಳಗ್ಗೆಯಿಂದ ಆಡ್ತಿದ್ವಿ ಸಾರ್. ಅರ್ಧ ಆಟ ಆಗಿತ್ತು."

"ನಾನು ಗೆಲ್ತಾ ಇದ್ದೆ ಅಂಕಲ್" ಎಂದಳು ಹುಡುಗಿ. ಅವಳ ಕಣ್ಣಲ್ಲಿ ನೀರೇ ಬಂದಿತ್ತು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಗಡ್ಡದವನು ಮಾತ್ರ ಪೆಟ್ಟಿಗೆ ತೆರೆದು ನನ್ನ ಚೀಟಿಗಳನ್ನು ಒಂದೊಂದಾಗಿ ಓದಿದ. ಆಮೇಲೆ ಗೆಳೆಯನ ಹೆಗಲ ಮೇಲೆ ಕೈಯಿಟ್ಟು ಹೇಳಿದ:

"ಇವ್ರನ್ನ ಆಟಕ್ಕೆ ಸೇರಿಸ್ಕೊಂಡ್ಬಿಡೋಣ ಗುರು. ಹೊರಗಿದ್ರೆ ಡೇಂಜರ್."

೩. ಕಾರ್ಡಿಗೆ ಅಂಗಿ

ಹೀಗೆ ಸ್ಟೂಲು ಸಿಕ್ಕಿತು. ಸಿಕ್ಕಿದ್ದು ಉಳಿಯಬೇಕಲ್ಲ, ಅದಕ್ಕೆ ಅವರು ಹೇಳಿದ್ದಕ್ಕೆಲ್ಲ ತಲೆಯಾಡಿಸುತ್ತಿದ್ದೆ. ಒಂದು ದಿನ ಕನ್ನಡಕದವನು, "ಕೈ ಬೆವರಿಗೆ ಕಾರ್ಡು ಹಾಳಾಗುತ್ತೆ ಸಾರ್. ಪ್ರತಿ ಕಾರ್ಡಿಗೂ ಒಂದು ಸ್ಲೀವ್ ಹಾಕ್ಬೇಕು" ಎಂದು ಪಾರದರ್ಶಕವಾದ ಪ್ಲಾಸ್ಟಿಕ್ ಕವರಿನ ಕಟ್ಟು ತೋರಿಸಿದ. ನಾನು ಹಾಕಿಕೊಡುತ್ತೇನೆ ಎಂದು ಪೆಟ್ಟಿಗೆಯನ್ನೇ ಕೆಳಗೆ ತಂದೆ.

ಮೂರು ಸಂಜೆ ಅದೇ ಕೆಲಸ. ಹೆಂಡತಿ ಸೊಪ್ಪು ಬಿಡಿಸುತ್ತ ನೋಡಿದಳು, ನೋಡಿದಳು. ಕೊನೆಗೆ, "ಮದುವೆಯಾದಾಗಿನಿಂದ ನಿಮ್ಮ ಅಂಗಿಗೆ ಒಂದು ಗುಂಡಿ ಹೊಲ್ಕೊಂಡೋರಲ್ಲ. ಈಗ ಕಾಗದಕ್ಕೆ ಅಂಗಿ ತೊಡಿಸ್ತಾ ಕೂತಿದ್ದೀರಲ್ರೀ" ಎಂದಳು. ನಾನು ಮುಂದಿನ ಕಾರ್ಡು ಎತ್ತಿಕೊಂಡೆ.

ಎಲ್ಲ ಕಾರ್ಡಿಗೂ ಅಂಗಿ ತೊಡಿಸಿ ಆಯಿತು. ಪೆಟ್ಟಿಗೆಗೆ ಹಾಕಿದೆ. ಮುಚ್ಚಳ ಮುಚ್ಚಲಿಲ್ಲ. ಅಂಗಿ ತೊಟ್ಟ ಕಾರ್ಡು ದಪ್ಪವಾಗಿಬಿಟ್ಟಿತ್ತು. ಗಾಬರಿಯಿಂದ ಮೇಲೆ ಹೋಗಿ ಹೇಳಿದೆ.

"ಅದು ಎಲ್ಲರಿಗೂ ಆಗುತ್ತೆ ಸಾರ್. ಅದಕ್ಕೆ ಒಳಗಡೆ ಇಡೋ ಮರದ ಖಾನೆ ಬರುತ್ತೆ, ತರಿಸ್ಬೇಕು."

"ಆಗ ಮುಚ್ಚುತ್ತಾ?"

"ಇಲ್ಲ, ಆಗ ಇನ್ನೂ ಸ್ವಲ್ಪ ಮೇಲೇಳುತ್ತೆ. ಅದಕ್ಕೇ ಒಂದು ಎಲಾಸ್ಟಿಕ್ ಪಟ್ಟಿ ಬರುತ್ತೆ."

೪. ದ್ವೀಪದಲ್ಲಿ ಬೇಸಾಯ

ಅವರಲ್ಲಿ ಒಂದು ದ್ವೀಪದ ಆಟ ಇತ್ತು. ನಮ್ಮ ನಮ್ಮ ಜಮೀನಿನಲ್ಲಿ ಗೋಧಿ, ಕುರಿ, ಇಟ್ಟಿಗೆ ಬರುತ್ತವೆ. ನಮಗೆ ಬೇಡದ್ದನ್ನು ಇನ್ನೊಬ್ಬರಿಗೆ ಕೊಟ್ಟು ಬೇಕಾದ್ದನ್ನು ತೆಗೆದುಕೊಳ್ಳಬೇಕು. ಅಪರೂಪಕ್ಕೆ ಇದು ನನಗೆ ಅರ್ಥವಾಗಿತ್ತು. ಅಷ್ಟರಲ್ಲಿ ಅಮ್ಮ ಒಬ್ಬಟ್ಟು ಕೊಡಲು ಬಂದವಳು ನನ್ನ ಹಿಂದೆ ನಿಂತಳು.

"ಅಂಕಲ್, ಎರಡು ಕುರಿ ಕೊಡಿ, ಒಂದು ಇಟ್ಟಿಗೆ ಕೊಡ್ತೀನಿ" ಎಂದಳು ಹುಡುಗಿ.

ನಾನು ಕುರಿಯ ಕಾರ್ಡು ತೆಗೆದೆ. ಅಮ್ಮ ಕೈ ಹಿಡಿದಳು.

"ಏನ್ಲಾ, ತಲೆ ಕೆಟ್ಟದಾ? ಒಂದು ಇಟ್ಟಿಗೆಗೆ ಎರಡು ಕುರಿ ಕೊಡ್ತಾರಾ ಯಾರಾದ್ರೂವಾ?"

"ಆಟ ಅಮ್ಮ."

"ಆಟ ಅಂತ ಕುರಿ ಕಳ್ಕತೀಯಾ? ಏನವ್ವಾ, ಒಂದು ಲೋಡ್ ಇಟ್ಟಿಗೆ ಕೊಡು, ಒಂದು ಕುರಿ ಕೊಡ್ತೀವಿ. ಅದೂ ಹೆಣ್ಣು ಕುರಿ ಕೇಳ್ಬೇಡ."

ಲೋಡ್ ಎನ್ನುವ ಕಾರ್ಡು ಆಟದಲ್ಲಿ ಇಲ್ಲ ಎಂದು ಹುಡುಗಿ ಎಷ್ಟು ಹೇಳಿದರೂ ಅಮ್ಮ ಒಪ್ಪಲಿಲ್ಲ. ಕೊನೆಯವರೆಗೂ ನನ್ನ ಹಿಂದೆಯೇ ನಿಂತು ಒಂದು ಕುರಿಯನ್ನೂ ಕೊಡಗೊಡಲಿಲ್ಲ. ಉಳಿದ ಮೂವರೂ ಊರು ಕಟ್ಟಿ, ರಸ್ತೆ ಹಾಕಿ, ಪಾಯಿಂಟ್ ಬಾಚಿಕೊಂಡರು. ನಾನು ಎಲ್ಲರಿಗಿಂತ ಕೊನೆ.

ಇಳಿದು ಹೋಗುವಾಗ ಅಮ್ಮ ಮೆಟ್ಟಿಲ ಮೇಲೆ ಸಮಾಧಾನ ಮಾಡಿದಳು: "ಸೋತ್ರೆ ಸೋತ್ಕ ಮಗಾ, ಕುರಿ ಉಳೀತಲ್ಲ."

೫. ಮೂರು ಸಹಿ

ಆ ಗುಂಪಿನಲ್ಲಿ ಒಂದು ಕಟ್ಟಳೆ ಇತ್ತು. ಹೊಸಬರು ತಮ್ಮ ಸರದಿ ಬಂದಾಗ ತಾವೇ ಆರಿಸಿ ಒಂದು ಆಟ ತರಬೇಕು. ಆಡಿದ ಮೇಲೆ ಉಳಿದವರು ಚೆನ್ನಾಗಿದೆ ಎಂದು ಕೈ ಎತ್ತಬೇಕು. ಎತ್ತದಿದ್ದರೆ ಸ್ಟೂಲು ಮುಂದಿನವರಿಗೆ. ಆ ಮುಂದಿನವನು ಹುಡುಗಿಯ ಆಫೀಸಿನಲ್ಲಿ ಆಗಲೇ ಕಾದು ಕೂತಿದ್ದ. "ತಪ್ಪು ತಿಳ್ಕೋಬೇಡಿ ಅಂಕಲ್, ರೂಲ್ಸ್ ಎಲ್ಲರಿಗೂ ಒಂದೇ" ಎಂದಳು ಅವಳು.

ನನಗೆ ಜೀವ ಹಾರಿಹೋಯಿತು. ಯಾವ ಆಟ ತರುವುದು? ಒಬ್ಬೊಬ್ಬರನ್ನೇ ಕೇಳಿದೆ. ಕನ್ನಡಕದವನು ರೈಲಿನ ಆಟ ಅಂದ. "ರೈಲಾ? ನಿದ್ದೆ ಬರುತ್ತೆ ಸಾರ್, ರಾಕ್ಷಸರ ಆಟ ತನ್ನಿ" ಎಂದ ಗಡ್ಡದವನು. ಹುಡುಗಿಯ ಪ್ರಕಾರ ಅವೆರಡೂ ದಂಡ, ತೋಟ ಬೆಳೆಸುವ ಆಟವೇ ಸರಿ. ಆದರೆ ಜೊತೆಗೆ ಏನೇನು ಇರಬೇಕು ಎಂದಾಗ ಮೂವರೂ ಒಂದೇ ಮಾತು. ಮೇಜಿಗೆ ಹಾಸುವ ರಬ್ಬರಿನ ಕಪ್ಪು ಮ್ಯಾಟು, ದಾಳ ಹಾಕಿದರೆ ಒಳಗಿನ ಮೆಟ್ಟಿಲು ಇಳಿದು ಕೆಳಗೆ ಬರುವ ಮರದ ಗೋಪುರ, ಚೂರುಗಳನ್ನು ಇಡುವ ತಟ್ಟೆಗಳು, ಮತ್ತೆ ಆ ಸ್ಲೀವು.

ನಮ್ಮ ಕಾರ್ಖಾನೆಯಲ್ಲಿ ಒಂದು ವಾಷರ್ ತರಿಸಬೇಕಾದರೂ ಇಂಡೆಂಟ್ ಚೀಟಿಯ ಮೇಲೆ ಮೂರು ಸಹಿ ಬೇಕು. ಎರಡು ಸಹಿಗೆ ನಾನು ಯಾವತ್ತೂ ಸಾಮಾನು ತರಿಸಿದವನಲ್ಲ. ಅದೇ ಪದ್ಧತಿಯಂತೆ ಪಟ್ಟಿ ಬರೆದು, ಮೂವರೂ ಒಪ್ಪಿದ ಸಾಮಾನಿಗೆ ಮಾತ್ರ ಆರ್ಡರ್ ಕೊಟ್ಟೆ. ನಾಲ್ಕು ಸಾಮಾನು, ನಾಲ್ಕು ಪಾರ್ಸೆಲು. ನಾಲ್ಕೂ ಬಂದವು, ನಾಲ್ಕಕ್ಕೂ ಟಿಕ್ ಹಾಕಿದೆ. ಎಲ್ಲ ತಾಳೆಯಾಯಿತು ಅಂತ ನೆಮ್ಮದಿಯಾಗಿದ್ದೆ.

ಭಾನುವಾರ ಬಂತು. ಅಮ್ಮನೂ ನೋಡಲು ಬಂದಳು. ಮ್ಯಾಟು ಹಾಸಿದೆ. ಗೋಪುರ ನಿಲ್ಲಿಸಿದೆ. ತಟ್ಟೆಗಳನ್ನು ಜೋಡಿಸಿ, ಸ್ಲೀವಿನ ಕಟ್ಟು ಬಿಚ್ಚಿಟ್ಟು, ನನ್ನ ಸ್ಟೂಲಿನ ಮೇಲೆ ಕೂತು ಕೈ ಕಟ್ಟಿಕೊಂಡೆ.

"ಸೂಪರ್ ಸಾರ್!" ಎಂದು ಕನ್ನಡಕದವನು ಮ್ಯಾಟಿನ ಮೇಲೆ ಕೈಯಾಡಿಸಿದ. "ಕಾಫಿ ಲೋಟ ಎಲ್ಲ ದೂರ ಇಡಿ, ಇದರ ಮೇಲೆ ಒಂದು ಹನಿ ಬೀಳ್ಬಾರ್ದು. ಹ್ಞೂ ಸಾರ್, ಈಗ ಆಟ ತೆಗೀರಿ."

"ಯಾವ ಆಟ?"

ನಾನು ಜೇಬಿನಿಂದ ಪಟ್ಟಿ ತೆಗೆದು ಮತ್ತೆ ನೋಡಿದೆ. ಮ್ಯಾಟು, ಗೋಪುರ, ತಟ್ಟೆ, ಸ್ಲೀವು. ಸರಿಯಾಗಿಯೇ ಇತ್ತು. ಕೆಳಗೆ ಬೇರೆಯಾಗಿ ಬರೆದಿದ್ದೆ: ಆಟ, ಮೂರು ಸಹಿ ಬಂದಿಲ್ಲ.

ಗಡ್ಡದವನು ನಗು ತಡೆಯಲಾರದೆ ಕಿಟಕಿ ಕಡೆ ತಿರುಗಿದ. ಹುಡುಗಿ ಪಾಪ, ಮೊಬೈಲು ಕೈಗೆತ್ತಿಕೊಂಡಳು. ಆಫೀಸಿನವನಿಗೆ ಹೇಳಿ ಕಳಿಸಲೆಂದೇ ಇರಬೇಕು. ಮತ್ತೆ ಹಿಂದೆ ನಿಲ್ಲುವ ಕಾಲ ಬಂತು ಅಂದುಕೊಂಡೆ.

ಅಮ್ಮ ಮುಂದೆ ಬಂದು ಮ್ಯಾಟನ್ನು ಮುಟ್ಟಿ ನೋಡಿದಳು. "ಇಷ್ಟು ಒಳ್ಳೆ ಹಾಸು ಐತೆ, ಆಟಕ್ಕೇನ್ಲಾ ಬರ? ಓಗು, ಕೆಳಗಿಂದ ರಂಗೋಲಿ ಸೀಮೆಸುಣ್ಣ, ಬಳೆ ಚೂರು, ನಾಕು ಹುಣಸೆ ಬೀಜ ತತ್ತಾ."

ಓಡಿದೆ. ತಂದು ಕೊಟ್ಟರೆ ಬೀಜ ನೋಡಿ ಮುಖ ಕಿವುಚಿದಳು. "ಇವು ಹೊಸವು ಕಣ್ಲಾ, ಹಗುರ, ಹಾರ್ತವೆ. ಮೇಲಿನ ಗೂಡಲ್ಲಿ ಡಬ್ಬಿ ಐತೆ. ಒಂದು ಮಗ್ಗುಲು ತೇದು ಬೆಳ್ಳಗೆ ಮಾಡಿಟ್ಟಿವ್ನಿ, ಅವನ್ನ ತಾ." ಮತ್ತೆ ಓಡಿದೆ. ನನ್ನ ಬೆನ್ನ ಹಿಂದೆ ಕನ್ನಡಕದವನು, "ಯಾವ ಬೀಜ ಬೆಸ್ಟು ಅಜ್ಜಿ? ನೀವು ಯಾವುದು ತಗೋ ಅಂತೀರಾ?" ಎಂದು ಕೇಳುವುದು ಕೇಳಿಸಿತು. ಅಮ್ಮ, "ಕಲ್ಲಿನ ಮೇಲೆ ತೇಯ್ಬೇಕು ಮಗಾ, ಸಿಮೆಂಟ್ ಮೇಲೆ ತೇಯ್ದ್ರೆ ಡೊಂಕಾಯ್ತವೆ" ಎಂದು ಶುರುಮಾಡಿದ್ದಳು.

ಡಬ್ಬಿ ಹಿಡಿದು ಏದುಸಿರು ಬಿಡುತ್ತ ಬರುವಷ್ಟರಲ್ಲಿ ಆ ಹೊಚ್ಚಹೊಸ ಮ್ಯಾಟಿನ ಮೇಲೆ ಸೀಮೆಸುಣ್ಣದಲ್ಲಿ ಚೌಕಾಬಾರದ ಅಡ್ಡ ಐದು, ಉದ್ದ ಐದು ಮನೆ ಬಿದ್ದಿದ್ದವು. ಒಂದು ಹನಿ ಬೀಳಬಾರದು ಎಂದಿದ್ದ ಕನ್ನಡಕದವನೇ ಮ್ಯಾಟಿನ ಅಂಚು ಹಿಡಿದುಕೊಂಡಿದ್ದ. ಗಡ್ಡದವನು ಬೀಜಗಳನ್ನು ಗೋಪುರಕ್ಕೆ ಹಾಕಲು ಹೋದಾಗ ಅಮ್ಮ, "ಯಾಕೆ, ನಿಂಗೆ ಕೈ ಇಲ್ವಾ?" ಎಂದು ಗೋಪುರವನ್ನು ಕೆಳಗಿಟ್ಟಳು.

ಆಮೇಲೆ ನಡೆದದ್ದು ಆಟವಲ್ಲ, ಕದನ. ಅಮ್ಮ ಹುಡುಗಿಯ ಕಾಯಿ ಕಡಿದಳು, ಹುಡುಗಿ ಗಡ್ಡದವನದ್ದನ್ನು ಕಡಿದಳು, ಗಡ್ಡದವನು ಎಂಟು ಬಿತ್ತೆಂದು ಕುಣಿದ. ಮಧ್ಯಾಹ್ನದ ಊಟ ತಣ್ಣಗಾಯಿತು. ಮುಗಿದಾಗ ಮೂವರೂ ಒಟ್ಟಿಗೆ ಕೈ ಎತ್ತಿದರು. "ಇಷ್ಟು ದಿನ ಬಂದಿದ್ದರಲ್ಲಿ ಬೆಸ್ಟ್ ಗೇಮು ಸಾರ್. ಇನ್ಮೇಲೆ ಪ್ರತಿ ಭಾನುವಾರ ಇದೇ!" ಎಂದ ಕನ್ನಡಕದವನು.

ಕೊನೆಗೂ ಮೂರು ಸಹಿ ಬಿದ್ದಿತ್ತು. ಸಂತೋಷದಿಂದ ನನ್ನ ಸ್ಟೂಲಿನ ಕಡೆ ತಿರುಗಿದೆ. ಅದರ ಮೇಲೆ ಅಮ್ಮ ಕೂತಿದ್ದಳು. ನಾನು ಬೀಜ ತರಲು ಹೋದಾಗಲೇ ಕೂತಿದ್ದವಳು; ನಿಂತು ಆಟ ನೋಡುವ ಭರದಲ್ಲಿ ನನಗೇ ಹೊಳೆದಿರಲಿಲ್ಲ.

"ಹಾಗಾದ್ರೆ ನಾನು?" ಎಂದೆ.

ಹುಡುಗಿ ತಲೆ ತುರಿಸಿಕೊಂಡಳು. "ನೀವೇ ತಂದಿದ್ದಲ್ವಾ ಅಂಕಲ್? ಇದು ನಾಲ್ಕೇ ಜನ ಆಡೋ ಆಟ."

ಅಮ್ಮ ಬೀಜಗಳನ್ನು ಅಂಗೈಯಲ್ಲಿ ಕುಲುಕುತ್ತ, ತಲೆ ಕೂಡ ಎತ್ತದೆ ಹೇಳಿದಳು:

"ಹಿಂದೆ ನಿಂತ್ಕಂಡು ನೋಡ್ಲಾ, ತಾನಾಗೇ ಅರ್ಥ ಆಯ್ತದೆ."